ಅತ್ತೆಯ ತುರಚಿ ಕಷಾಯ

ಅತ್ತೆ ಕುಡಿದದ್ದು ಏನು ಎಂಬ ಪ್ರಶ್ನೆ ನನ್ನ ತಲೆಯಲ್ಲಿ ಏಳುವ ಹೊತ್ತಿಗೆ ಅವರು ಅದನ್ನು ಕುಡಿದು ಎರಡು ತಾಸಾಗಿತ್ತು.

ನಾನು ಮಧ್ಯಾಹ್ನದ ಊಟಕ್ಕೆಂದು ಅಂಗಡಿಯಿಂದ ಮನೆಗೆ ಬಂದಿದ್ದೆ. ಒಲೆಯ ಪಕ್ಕದ ಪಾತ್ರೆಯಲ್ಲಿ ಕಪ್ಪು ಹಸಿರಿನ ನೀರು, ಅದರ ತಳದಲ್ಲಿ ಬೆಂದು ಮುದ್ದೆಯಾದ ಎಲೆಗಳು. ಅದೇ ಎಲೆಯನ್ನು ಹಳೆ ಸೀರೆಯ ತುಂಡಿನಲ್ಲಿ ಮೊಣಕಾಲಿಗೆ ಕಟ್ಟಿಕೊಂಡು ಅತ್ತೆ ಗೋಡೆಗೆ ಒರಗಿ ಕುಳಿತಿದ್ದರು.

"ತುರಚಿ ಕಷಾಯ ಮಾಡೀನ್ರಿ ಅಳಿಯಾರ. ಅರ್ಧ ಲೋಟ ಕುಡದೆ. ನಿಮಗೂ ಅರ್ಧ ಇಟ್ಟೀನಿ."

"ನನಗ್ಯಾಕ್ರಿ? ನನ್ನ ಮೊಣಕಾಲು ಚಲೋ ಅದಾವ."

"ಇವತ್ತು ಅದಾವ," ಎಂದರು ಅತ್ತೆ. ಆಮೇಲೆ ಮೊಣಕಾಲ ಮೇಲಿನ ಗಂಟನ್ನು ಸವರುತ್ತ ಬಹಳ ಸಮಾಧಾನದಿಂದ ಹೇಳಿದರು. "ಖರೇ ಹೇಳ್ತೀನಿ, ಈ ಗೋವಾದ ತುರಚಿ ಭಾಳ ಸಾಧು ಐತಿ. ಕೀಳೂ ಮುಂದ ಒಂದ ಚೂರೂ ಉರೀಲಿಲ್ಲ."

ನನ್ನ ಕೈಯಲ್ಲಿದ್ದ ತಟ್ಟೆಯನ್ನು ನಾನು ಕೆಳಗಿಟ್ಟೆ.

ಉರಿಯದ ತುರಚಿ ಎಂದರೆ ಅದು ತುರಚಿಯೇ ಅಲ್ಲದಿರಬಹುದು. ತುರಚಿ ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ಅದರ ಎಲೆ ಮತ್ತು ದಂಟಿನ ಮೇಲೆಲ್ಲ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಮುಳ್ಳುಗೂದಲು ಇರುತ್ತದೆ. ಸೋಕಿದರೆ ಸಾಕು, ಚರ್ಮ ದದ್ದು ಎದ್ದು ಬೆಂಕಿ ಬಿದ್ದಂತಾಗುತ್ತದೆ. ಆ ಗಿಡದ ಹೆಸರೂ ಗುರುತೂ ಅಷ್ಟೇ. ಅದಿಲ್ಲದಿದ್ದರೆ ಅದೊಂದು ಹಸಿರು ಎಲೆ. ಹಸಿರು ಎಲೆಗಳಲ್ಲಿ ಎಷ್ಟು ಬಗೆಯ ವಿಷ ಇರುತ್ತದೆ ಎಂಬುದನ್ನು ನಾನು ಹಲವು ಮಧ್ಯಾಹ್ನಗಳನ್ನು ಖರ್ಚು ಮಾಡಿ ಓದಿಕೊಂಡವನು.

ನನ್ನ ಬಗ್ಗೆ ಒಂದೆರಡು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗದು. ಮಡ್ಕಯಿಯ ಕೈಗಾರಿಕಾ ವಸಾಹತಿನ ಬಾಯಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ಕೈಗವಸು, ಗಮ್‌ಬೂಟು, ಹೆಲ್ಮೆಟ್ಟು, ಕಣ್ಣಿಗೆ ಹಾಕುವ ಪ್ಲಾಸ್ಟಿಕ್ ಕನ್ನಡಕ ಮಾರುತ್ತೇನೆ. ಹೆದರಿಕೆಯ ಸ್ವಭಾವದಿಂದ ಈ ವ್ಯಾಪಾರಕ್ಕೆ ಬಂದೆನೋ, ವ್ಯಾಪಾರದಿಂದ ಹೆದರಿಕೆ ಹೆಚ್ಚಿತೋ ಈಗ ಹೇಳುವುದು ಕಷ್ಟ. ಐವತ್ತರ ಹತ್ತಿರ ಬಂದಿದ್ದೇನೆ. ಗಿರಾಕಿಗೆ ಒಂದು ಜೊತೆ ಕೈಗವಸು ಕೊಡುವಾಗ, ಅದಿಲ್ಲದೆ ಬೆರಳು ಕಳೆದುಕೊಂಡ ಯಾರದೋ ಕಥೆಯನ್ನೂ ಕೊಡುತ್ತೇನೆ. "ಕಥಿ ಬ್ಯಾಡ್ರಿ, ಗ್ಲೋಸ್ ಅಷ್ಟ ಕೊಡ್ರಿ" ಎನ್ನುವ ಗಿರಾಕಿಗಳೂ ಇದ್ದಾರೆ.

ಅತ್ತೆ ಎಂಟು ವರ್ಷದಿಂದ ನಮ್ಮ ಜೊತೆಗೇ ಇದ್ದಾರೆ. ವಿಜಯಪುರದ ಕಡೆಯವರು. ಅಲ್ಲಿಯ ಒಣ ನೆಲದಲ್ಲಿ ಅರವತ್ತು ವರ್ಷ ಗಟ್ಟಿಯಾಗಿ ನಿಂತ ಮೊಣಕಾಲು ಇಲ್ಲಿಯ ಮಳೆಗೆ ಮಾತ್ರ ಒಗ್ಗಲಿಲ್ಲ. ಜೂನ್ ಬಂತೆಂದರೆ ಎದ್ದು ನಿಲ್ಲುವುದಕ್ಕೆ ಅವರಿಗೆ ಬಾಗಿಲ ಚೌಕಟ್ಟು ಬೇಕು. ಆ ವಾರ ಹೆಂಡತಿ ಧಾರವಾಡಕ್ಕೆ ಹೋಗಿದ್ದಳು. ಹೋಗುವಾಗ ಬಸ್ಸಿನ ಕಿಟಕಿಯಿಂದ ಹೇಳಿದ್ದು ಒಂದೇ ಮಾತು. "ಅವ್ವನ ಮ್ಯಾಲೆ ಕಣ್ಣಿಡ್ರಿ. ನಾಕ ದಿನ."

ಅವತ್ತು ಮೂರನೆಯ ದಿನ.

ಬೆಳಿಗ್ಗೆ ಎಂಟರ ಸುಮಾರಿಗೆ ಮಳೆ ಸ್ವಲ್ಪ ಬಿಟ್ಟಿತ್ತು. ನಮ್ಮ ಬಾಡಿಗೆ ಮನೆಯ ಎದುರಿಗೆ ಒಂದು ಹಳೆಯ ಫ್ಯಾಕ್ಟರಿಯ ಕಂಪೌಂಡು ಗೋಡೆ. ಅದರ ಬುಡದಲ್ಲಿ ಮಳೆಗಾಲದ ಕಳೆ ಸೊಂಟದೆತ್ತರ ಬೆಳೆದಿತ್ತು. ಅತ್ತೆ ಚಹಾ ಕುಡಿಯುತ್ತ ಅದನ್ನೇ ನೋಡುತ್ತಿದ್ದವರು, "ಅಲ್ಲಿ ತುರಚಿ ಬೆಳದೈತಿ" ಎಂದರು, ಊರಿನವರೊಬ್ಬರನ್ನು ಬಸ್‌ಸ್ಟ್ಯಾಂಡಿನಲ್ಲಿ ಕಂಡ ಹಾಗೆ. ಕೀಳಲು ಎದ್ದೇ ಬಿಟ್ಟರು. ನಾನು ಬಿಡುತ್ತೇನೆಯೇ? ತುರಚಿ ಎಂದ ಕೂಡಲೇ ಒಳಗೆ ಹೋಗಿ ಆಸಿಡ್ ಕೆಲಸದವರಿಗೆ ಮಾರುವ, ಮೊಳಕೈ ದಾಟಿ ಬರುವ ರಬ್ಬರ್ ಕೈಗವಸು ತಂದೆ. ಗಮ್‌ಬೂಟನ್ನೂ ತಂದೆ. ಹೆಲ್ಮೆಟ್ಟನ್ನು ಅವರೇ ಬೇಡವೆಂದರು.

"ಹುಲಿ ಹಿಡ್ಯಾಕ ಹೊಂಟೇನೇನ್ರಿ?"

"ಹಾಕ್ಕೊಂಡ ಹೋಗ್ರಿ ಅತ್ತಿ. ಉರಿ ಎದ್ರ ನಿಮ್ಮ ಮಗಳಿಗೆ ನಾ ಏನ್ ಹೇಳ್ಲಿ?"

ಹಾಕಿಕೊಂಡರು. ಕೈಗವಸು ಹಾಕಿದ ಅತ್ತೆ ಗೋಡೆಯ ಬುಡಕ್ಕೆ ಬಾಗಿದ್ದನ್ನು ನೋಡಿ, ನನ್ನ ಕರ್ತವ್ಯ ಮುಗಿಯಿತೆಂದು ನಾನು ಅಂಗಡಿಗೆ ಹೋದೆ.

ಈಗ ತಟ್ಟೆ ಕೆಳಗಿಟ್ಟವನು ಕೇಳಿದೆ. "ಅತ್ತಿ, ಕೀಳೂ ಮುಂದ ಒಮ್ಮೆರೆ ಬರಿಗೈಲೆ ಮುಟ್ಟಿ ನೋಡಿದ್ರೇನು?"

"ಎಲ್ಲಿ ಮುಟ್ಟಲಿ? ನೀವು ಮೊಳಕೈ ತನಕ ರಬ್ಬರ್ ಹಾಕಿ ಕಳಿಸಿದ್ರಿ."

"ನಿಮ್ಮೂರಾಗ ಹ್ಯಾಂಗ ಕೀಳ್ತಿದ್ರಿ?"

"ನಮ್ಮೂರಾಗ ಮೊದಲ ಅದಕ್ಕ ಮುಂಗೈ ಕೊಡೂದು. ಉರೀತಂದ್ರ ಹೌದು, ಇದ ಅಂತ ಕೀಳೂದು. ಉರೀಲಿಲ್ಲ ಅಂದ್ರ ಬಿಟ್ಟು ಮುಂದಕ್ಕ ಹೋಗೂದು." ಅಷ್ಟು ಹೇಳಿ ಅವರು ಮೊಣಕಾಲ ಗಂಟಿನ ಮೇಲಿದ್ದ ಕೈ ತೆಗೆದರು. ನಾನು ಕೇಳಿದ್ದು ಯಾಕೆ ಎಂಬುದು ಅವರಿಗೂ ಹೊಳೆದಿರಬೇಕು. ಆದರೆ ಅತ್ತೆ ಹಾಗೆ ಸುಲಭವಾಗಿ ಹೆದರುವವರಲ್ಲ. "ತುರಚೀನ ಐತ್ರಿ. ನನಗ ಗುರುತ ಸಿಗೂದಿಲ್ಲೇನು?"

ಗುರುತು ಸಿಗಲಿ ಎಂದೇ ಅವರ ಊರಿನವರು ಮುಂಗೈ ಸುಟ್ಟುಕೊಳ್ಳುತ್ತಿದ್ದರು. ಆ ಒಂದು ಪರೀಕ್ಷೆಯನ್ನು ಅಂಗಡಿಯ ಅತಿ ಗಟ್ಟಿ ಮಾಲು ತಂದು ತಪ್ಪಿಸಿದವನು ನಾನು. ಈಗ ಎಲೆ ಬೆಂದಿತ್ತು. ಬೆಂದ ತುರಚಿ ಉರಿಯುವುದಿಲ್ಲ, ಬೆಂದ ಯಾವ ಎಲೆಯೂ ಉರಿಯುವುದಿಲ್ಲ. ಪಾತ್ರೆಗೆ ಬೆರಳು ಅದ್ದಿ ನೋಡಿದೆ. ಬೆಚ್ಚಗಿತ್ತು.

ಅಷ್ಟು ಹೊತ್ತಿಗೆ ಪಕ್ಕದಲ್ಲೇ ಇರುವ, ನಮ್ಮ ಬಾಡಿಗೆ ಮನೆಯ ಒಡತಿ ಬಂದರು. ಕೊಂಕಣಿಯವರು. ಅತ್ತೆಗೂ ಅವರಿಗೂ ಭಾಷೆ ಬೇರೆ, ಮೊಣಕಾಲು ಒಂದೇ. ಹಾಗಾಗಿ ಸ್ನೇಹ. ನಾನು ಪಾತ್ರೆ ತೋರಿಸಿ ಇದು ಯಾವ ಎಲೆ ಎಂದು ಕೇಳಿದೆ. ಅವರು ಚಮಚದಿಂದ ಒಂದು ಎಲೆಯನ್ನು ಎತ್ತಿ, ಬಿಡಿಸಲು ನೋಡಿ, ಅದು ಬಿಡಿಸಲಾಗದೆ ಹರಿದಾಗ ತಲೆ ಅಲ್ಲಾಡಿಸಿದರು. ಅವರಿಗೆ ಗೊತ್ತಿರುವುದು ಖಾಜಕೊಲ್ತಿ. ಖಾಜ್ ಎಂದರೆ ತುರಿಕೆ. ಘಟ್ಟದ ಕಡೆಯ ಮರಾಠಿಯವರು ಅದನ್ನೇ ಆಗ್ಯಾ ಅನ್ನುತ್ತಾರಂತೆ, ಬೆಂಕಿಯಂಥದ್ದು ಎಂದು. ಮೊಲೆಂನಲ್ಲಿದ್ದ ಅವರ ಅಜ್ಜಿ ಜ್ವರ ಬಂದು ಮೈಕೈ ಹಿಡಿದವರಿಗೆ ಅದರ ಬೇರನ್ನು ಕುದಿಸಿ ಕೊಡುತ್ತಿದ್ದರಂತೆ. ಆದರೆ ಅದು ಬೇಲಿಗೆ ಹಬ್ಬುವ ಬಳ್ಳಿ, ಎಲೆಯ ಅಂಚು ಗರಗಸದಂತೆ.

"ಹೇಂ ತೇಂ ನ್ಹಯ್ ಶೇಂ ದಿಸ್ತಾ," ಎಂದರು. ಇದು ಅದಲ್ಲ ಅನಿಸುತ್ತದೆ ಎಂದು.

ನನಗೆ ಅಷ್ಟು ಸಾಕಾಗಿತ್ತು.

"ಅತ್ತಿ, ಇದು ಬಳ್ಳೀನೋ ಗಿಡಾನೋ?"

"ಬಳ್ಳಿ ಅನ್ರಿ ಗಿಡ ಅನ್ರಿ, ಎಳೇದು ಇತ್ತು. ಎಳೇದು ನೆಟ್ಟಗ ನಿಂದರ್ತೈತಿ, ಆಮ್ಯಾಲೆ ಹಬ್ಬತೈತಿ." ನಾನು ವಿಷಯ ಕಲಿಯಲು ಕೇಳುತ್ತಿದ್ದೇನೆ ಎಂದುಕೊಂಡು ಅತ್ತೆ ಉತ್ಸಾಹದಿಂದ ಮುಂದುವರಿಸಿದರು. ಅವರ ತಾಯಿಯ ಊರಿನಲ್ಲಿ ಅದಕ್ಕೆ ದೂಳಗೊಂಡಿ ಎನ್ನುವವರೂ ಇದ್ದರು. ಅದರ ಬೇರನ್ನು ತುಳಸಿ ರಸದಲ್ಲಿ ಅರೆದು ಕಜ್ಜಿಗೆ ಹಚ್ಚುತ್ತಿದ್ದರು. ಮೈಯೆಲ್ಲ ತುರಿಸುವಂತೆ ಮಾಡುವ ಗಿಡದ ಬೇರೇ ತುರಿಕೆಗೆ ಮದ್ದು. ಮೊಣಕಾಲು ತೀರಾ ಹಟ ಮಾಡಿದರೆ ಹಸಿ ಎಲೆಯಿಂದಲೇ ಬಡಿದುಕೊಳ್ಳುವುದೂ ಇತ್ತು. ಆಗ ಎರಡು ದಿನ ಉರಿಯ ಕಡೆಗೇ ಗಮನ, ನೋವು ನೆನಪಿಗೆ ಬರುವುದಿಲ್ಲ. "ಮತ್ತ ಅದರ ಕಾಯಿ ನೀರಾಗ ತೇಯ್ದು ಬೋಳ ತಲೀಗೆ ಹಚ್ಚತಾರ," ಎಂದವರು ನನ್ನ ನೆತ್ತಿಯ ಕಡೆ ನೋಡಿ ಮಾತು ನಿಲ್ಲಿಸಿದರು. "ಸುಮ್ಕ ಹೇಳಿದೆ."

ಇಷ್ಟು ಹೇಳಿ ಆಕಳಿಸಿದರು. "ನಿದ್ದಿ ಬರಾಕತ್ತೈತಿ. ಒಂದ ತಾಸು ಅಡ್ಡ ಆಗ್ತೀನಿ."

ದಿನವೂ ಅದೇ ಹೊತ್ತಿಗೆ ಮಲಗುವವರು ಅವರು. ಆದರೆ ಅವತ್ತಿನ ನಿದ್ದೆ ನನಗೆ ಬೇರೆ ನಿದ್ದೆಯಾಗಿ ಕಂಡಿತು. ಮದಗುಣಕಿ, ಅಂದರೆ ದತ್ತೂರ ತಿಂದವರು ಹೇಗೆ ಮಂಪರಿಗೆ ಹೋಗುತ್ತಾರೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿತ್ತು ಎಂದರೆ, ಎಲ್ಲೋ ಓದಿದ್ದೆ. ಪಾತ್ರೆಯ ಎಲೆಯ ಫೋಟೋ ತೆಗೆದು, ಗಿಡ ಗುರುತಿಸುವ ಮೊಬೈಲಿನ ಆ್ಯಪಿಗೆ ಹಾಕಿದೆ. ಮೊದಲ ಸಲ ಪಾಲಕ್ ಎಂದಿತು. ಬೆಳಕಿಗೆ ಹಿಡಿದು ಇನ್ನೊಂದು ಫೋಟೋ ತೆಗೆದೆ. ಸಮುದ್ರದ ಪಾಚಿ ಎಂದಿತು. ಅತ್ತೆ ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು. ಗೊರಕೆ ಒಳ್ಳೆಯದೋ ಕೆಟ್ಟದ್ದೋ ನಿರ್ಧರಿಸಲಾಗದೆ ಎಬ್ಬಿಸಿದೆ.

"ಅತ್ತಿ, ಆಸ್ಪತ್ರಿಗೆ ಹೋಗಿ ಬರೋಣ ನಡೀರಿ."

"ಯಾರಿಗೆ ಏನಾಗೇತಿ?"

"ಏನೂ ಇಲ್ಲ. ಸುಮ್ಕ ತೋರಿಸಿ ಬರೋಣ."

"ಸುಮ್ಕ ತೋರಿಸೂದಿದ್ರ ನೀವ ತೋರಿಸಿಕೊಂಡು ಬರ್ರಿ," ಎಂದು ಆ ಕಡೆ ಹೊರಳಿದರು.

ಒಡತಿಯನ್ನು ಅತ್ತೆಯ ಪಕ್ಕ ಕೂರಿಸಿ, ಹತ್ತು ನಿಮಿಷಕ್ಕೊಮ್ಮೆ ಮಾತಾಡಿಸಿ ಎಂದು ಹೇಳಿ, ಪಾತ್ರೆಗೆ ಮುಚ್ಚಳ ಹಾಕಿ ಸ್ಕೂಟರಿನ ಕಾಲ ಬಳಿ ಇಟ್ಟುಕೊಂಡು ಫೋಂಡಾ ರಸ್ತೆಯ ದವಾಖಾನೆಗೆ ಹೋದೆ. ಡಾಕ್ಟರು ನನಗೆ ಹಳಬರು. ಅಂದರೆ ನಾನು ಅವರಿಗೆ ಹಳಬ. ತಿಂಗಳಿಗೊಮ್ಮೆ ಇಲ್ಲದ ಯಾವುದೋ ರೋಗ ಹಿಡಿದುಕೊಂಡು ಹೋಗುತ್ತೇನೆ. ಪಾತ್ರೆಯನ್ನು ಮೇಜಿನ ಮೇಲಿಟ್ಟಾಗ ಅವರು ಮುಚ್ಚಳ ತೆಗೆದು, ಮೂಸಿ, ಮತ್ತೆ ಮುಚ್ಚಿದರು. ವಾಂತಿಯಾಯಿತೇ? ಇಲ್ಲ. ಮಾತು ತೊದಲುತ್ತದೆಯೇ? ಬಹಳ ಸ್ಪಷ್ಟವಾಗಿ ಬೈದರು. ಕಣ್ಣು, ನಾಡಿ? ಅದನ್ನು ನೋಡುವಷ್ಟು ಅವರು ಬಿಡಲಿಲ್ಲ.

"ಒಂದೋ ಗಿಡ ತನ್ನಿ, ಇಲ್ಲಾ ಪೇಷೆಂಟ್ ತನ್ನಿ," ಎಂದರು ಡಾಕ್ಟರು ಹಿಂದಿಯಲ್ಲಿ. "ಪಾತ್ರೆಗೆ ನಾನು ಔಷಧ ಕೊಡುವುದಿಲ್ಲ." ಆಮೇಲೆ ನನ್ನ ಮುಖ ನೋಡಿ ಸ್ವಲ್ಪ ಮೆತ್ತಗಾದರು. ವಾಂತಿ, ತಲೆಸುತ್ತು, ಬಡಬಡಿಕೆ ಏನಾದರೂ ಶುರುವಾದರೆ ಕೂಡಲೇ ಎತ್ತಿಕೊಂಡು ಬನ್ನಿ, ಅಷ್ಟರೊಳಗೆ ಆ ಗಿಡವನ್ನು ಹುಡುಕಿ ಎಂದರು.

ಕೇರಳದ ನರ್ಸಮ್ಮ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಕೊಡಿತ್ತೂವ ಇರಬಹುದು, ಚುಚ್ಚುವ ಬಳ್ಳಿಗೆ ಮಲಯಾಳದಲ್ಲಿ ಹಾಗೆನ್ನುತ್ತಾರೆ ಎಂದರು. ಅವರ ಊರಲ್ಲಿ ಕರ್ಕಾಟಕ ಮಾಸದ ಮಳೆಯಲ್ಲಿ ಹತ್ತು ಬಗೆಯ ಸೊಪ್ಪು ಸೇರಿಸಿ ಪಲ್ಯ ಮಾಡುತ್ತಾರೆ, ಅದರಲ್ಲಿ ಇದೂ ಒಂದು, ಅಮ್ಮ ಬಟ್ಟೆ ಸುತ್ತಿಕೊಂಡು ಕೊಯ್ಯುತ್ತಿದ್ದರು ಎಂದರು. ಅವರ ಮಾತಿನಿಂದ ನನಗೆ ಜೀವ ಬಂದಂತಾಯಿತು.

"ಹಂಗಾದ್ರ ತಿಂದ್ರ ಏನೂ ಆಗೂದಿಲ್ಲಲ್ರಿ?"

"ಕೊಡಿತ್ತೂವ ಆದರೆ ಏನೂ ಇಲ್ಲ," ಎಂದರು ನರ್ಸಮ್ಮ. "ಮುಟ್ಟಿ ನೋಡಿ. ಚುಚ್ಚಿದರೆ ಅದೇ."

ಆ 'ಆದರೆ'ಯನ್ನು ಹೊತ್ತುಕೊಂಡು ವಾಪಸು ಬಂದೆ. ದಾರಿಯಲ್ಲೇ ತೀರ್ಮಾನಿಸಿದ್ದೆ, ಗೋಡೆಯ ಬುಡಕ್ಕೆ ಹೋಗುವುದು, ಅತ್ತೆ ಕಿತ್ತ ಜಾಗದಲ್ಲಿ ಉಳಿದ ಗಿಡಕ್ಕೆ ಬರಿಗೈ ಕೊಡುವುದು. ಜೀವಮಾನದಲ್ಲಿ ಮೊದಲ ಸಲ ನಾನು ಏನಾದರೂ ಚುಚ್ಚಲಿ ಎಂದು ಆಸೆಪಡುತ್ತಿದ್ದೆ.

ಗೋಡೆಯ ಬುಡದಲ್ಲಿ ಗಿಡವೇ ಇರಲಿಲ್ಲ. ಈ ಮೂಲೆಯಿಂದ ಆ ಮೂಲೆಯವರೆಗೆ ನೆಲ ಬೋಳಾಗಿತ್ತು. ಬೆಳಿಗ್ಗೆ ಸೊಂಟದೆತ್ತರ ಇದ್ದ ಹಸಿರು ಈಗ ನುಣ್ಣಗೆ ಹೆರೆದ ಗಡ್ಡದ ಹಾಗೆ ಅಂಗುಲದ ಮೊಳೆಗಳಾಗಿ ನಿಂತಿತ್ತು. ಮೂರು ವರ್ಷದಿಂದ ಯಾರೂ ಮುಟ್ಟದಿದ್ದ ಆ ಜಾಗವನ್ನು ಸ್ವಚ್ಛ ಮಾಡಿಸಲು ಫ್ಯಾಕ್ಟರಿಯವರಿಗೆ ಅವತ್ತೇ ಮನಸ್ಸಾಗಿತ್ತು. ಮಧ್ಯಾಹ್ನ ಹಸಿವಿನಲ್ಲಿ ಮನೆಗೆ ಬರುವಾಗ ನಾನು ಆ ಕಡೆ ತಿರುಗಿಯೂ ನೋಡಿರಲಿಲ್ಲ. ನಾನು ಮೊಣಕಾಲೂರಿ ಆ ಮೊಳೆಗಳನ್ನೆಲ್ಲ ಅಂಗೈಯಿಂದ ಸವರತೊಡಗಿದೆ. ಒದ್ದೆ ಮಣ್ಣು ಬಿಟ್ಟು ಏನೂ ಅಂಟಲಿಲ್ಲ. ದೂರದಿಂದ ನೋಡಿದವರಿಗೆ ನಾನು ಉಂಗುರ ಕಳೆದುಕೊಂಡವನಂತೆ ಕಂಡಿರಬೇಕು.

"ಏನ್ ಬಿದ್ದೈತ್ರಿ ಯಜಮಾನ್ರ?"

ಗೋಡೆಯ ಮೂಲೆಯಲ್ಲಿ ಹುಲ್ಲು ಕತ್ತರಿಸುವ ಯಂತ್ರವನ್ನು ಪಕ್ಕಕ್ಕಿಟ್ಟು ಒಬ್ಬ ಕೂತಿದ್ದ. ಗಡ್ಡ ನೆರೆತವನು, ನನ್ನ ವಯಸ್ಸಿನವನೇ. ಕನ್ನಡ ಕೇಳಿದ ಕೂಡಲೇ ಬಾಗಲಕೋಟೆ ಕಡೆಯವನೆಂದು ಗೊತ್ತಾಯಿತು. ವಾಸ್ಕೋದ ಬೈನಾದಿಂದ ಕೆಲಸಕ್ಕೆ ಬರುವ ಗುತ್ತಿಗೆಯವರಲ್ಲಿ ಒಬ್ಬ. ಶರ್ಟಿನ ತೋಳು ಭುಜದವರೆಗೆ ಮಡಚಿದ್ದ. ಒಂದು ಕೈಯಿಂದ ಇನ್ನೊಂದು ಕೈಯನ್ನು ಮೊಳಕೈಯಿಂದ ಮಣಿಕಟ್ಟಿನವರೆಗೆ ಕೆರೆದುಕೊಳ್ಳುತ್ತಿದ್ದ. ಅದು ಸಾಕಾದಾಗ ಕುತ್ತಿಗೆ. ಅದು ಸಾಕಾದಾಗ ಮತ್ತೆ ಕೈ.

ನಾನು ಎದ್ದು ಅವನ ಹತ್ತಿರ ಓಡಿದೆ. "ಕೈಗೆ ಏನಾಗೇತ್ರಿ?"

"ಏನ್ ಕೇಳ್ತೀರಿ. ಇದರೊಳಗ ಯಾವ್ದೋ ಸುಡುಗಾಡ ಗಿಡ ಇತ್ತು. ಮಷಿನ್ ಹಚ್ಚಿದ್ದ ತಡ, ಚೂರ ಚೂರ ಹಾರಿ ಮೈಗೆಲ್ಲಾ ಬಡೀತು. ಮುಂಜಾನಿಂದ ಬೆಂಕಿ ಬಿದ್ದಂಗ ಆಗೇತಿ."

"ಉರಿಯಾಕತ್ತೈತೇನು?"

"ಉರಿಯಾಕತ್ತೈತಿ ಅಂತನ ಹೇಳಾಕತ್ತೀನ್ರಿ."

"ಭಾಳ ಉರಿಯಾಕತ್ತೈತೇನು?"

"ಯಾಕ್ರಿ, ಕಡಿಮಿ ಅನಸ್ತೈತೇನು ನಿಮಗ?" ಅವನು ಕೆರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದ. "ಏನ್ ಮನಶ್ಯಾರ್ರಿ ನೀವು? ನನ್ನ ಕೈ ಸುಡಾಕತ್ತೈತಿ, ನೀವು ನಗಾಕತ್ತೀರಿ."

ನನಗೆ ಗೊತ್ತಿಲ್ಲದೆಯೇ ನಾನು ನಗುತ್ತಿದ್ದೆ. ಅವನ ತೋಳಿನ ಮೇಲೆ ಸಾಲಾಗಿ ಎದ್ದ ಕೆಂಪು ದದ್ದುಗಳನ್ನು ನೋಡುತ್ತ, ಅಷ್ಟು ಚಂದದ ದದ್ದುಗಳನ್ನು ನಾನು ಹಿಂದೆಂದೂ ನೋಡಿರಲಿಲ್ಲ ಅನಿಸುತ್ತಿತ್ತು. ಕ್ಷಮೆ ಕೇಳಿ, ಅತ್ತೆಯ ಕಥೆಯನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅವನು ಪೂರ್ತಿ ಕೇಳಿದ.

"ಅಂದ್ರ ನಿಮ್ಮ ಅತ್ತಿ ಕುಡದದ್ದು ಇದನ್ನ?"

"ಕುಡದದ್ದು ಇದ ಆಗಿರಲಿ ಅಂತನ ಬೇಡಾಕತ್ತೀನಿ."

"ನಮ್ಮ ನಾನಿನೂ ಕುಡೀತಿದ್ದಳ್ರಿ," ಎಂದ ಅವನು, ಕೆರೆಯುವುದನ್ನು ಮುಂದುವರಿಸುತ್ತ. ನಾನಿ ಎಂದರೆ ಅವನ ತಾಯಿಯ ತಾಯಿ. "ಬಿಚ್ಚೂ ಬೂಟಿ ಅಂತಿದ್ದಳು. ಚೇಳ ಕಡದಂಗ ಕಡೀತೈತಿ ಅಂತ. ತೊಂಬತ್ತ ದಾಟಿದಳು. ಅದಕ್ಕ ಅಲ್ಲ ಅನ್ರಿ, ಯಾರ ಮಾತೂ ಕೇಳ್ತಿರಲಿಲ್ಲ, ಅದಕ್ಕ."

ಆದರೂ ನನ್ನಂಥವನಿಗೆ ಅಲ್ಲಿಗೇ ಮುಗಿಯುತ್ತದೆಯೇ? ಅವನಿಗೆ ಉರಿಸಿದ್ದು ಗೋಡೆಯ ಆ ತುದಿಯ ಗಿಡ, ಅತ್ತೆ ಕಿತ್ತದ್ದು ಈ ತುದಿಯದು ಆಗಿದ್ದರೆ? ಕೇಳಿದೆ. ಅವನು ಎದ್ದು, ಕತ್ತರಿಸಿದ ಕಳೆಯ ರಾಶಿಯ ಬಳಿಗೆ ಹೋಗಿ ಕೋಲಿನಿಂದ ಕೆದಕಿದ. "ನಾ ಸುರು ಮಾಡಿದ್ದ ನಿಮ್ಮ ಮನಿ ಎದುರಿಂದ. ಅಲ್ಲಿ ಯಾರೋ ಮೊದಲ ನಾಕೈದು ಬುಡ ಕಿತ್ತಿದ್ರು, ಮಣ್ಣು ಹಸೀದು ಇತ್ತು. ಅದರ ಬಾಜೂಕನ ನನಗ ಬಡದದ್ದು. ಇದ ನೋಡ್ರಿ." ಯಂತ್ರಕ್ಕೆ ಸಿಕ್ಕದೆ ಇಡಿಯಾಗಿ ಬಿದ್ದಿದ್ದ ಒಂದು ದಂಟನ್ನು ಕೋಲಿನ ತುದಿಯಿಂದ ಎತ್ತಿ ಹಿಡಿದ. ಎಲೆಯ ಅಂಚು ಗರಗಸದಂತಿತ್ತು.

"ಕೋಲಲೆ ಹಿಡೀರಿ," ಎಂದ.

ನಾನು ಕೈಯಲ್ಲೇ ಹಿಡಿದೆ. ಮುಷ್ಟಿ ತುಂಬ.

ಒಂದು ಕ್ಷಣ ಏನೂ ಆಗಲಿಲ್ಲ. ಆ ಒಂದು ಕ್ಷಣದಲ್ಲಿ ನಾನು ಹೆಂಡತಿಗೆ ಫೋನ್ ಮಾಡಿ ಹೇಳುವ ಮೊದಲ ವಾಕ್ಯವನ್ನೂ ಜೋಡಿಸಿಕೊಂಡಿದ್ದೆ. ಆಮೇಲೆ ಬೆರಳ ಸಂದಿಯಲ್ಲಿ ಸೂಜಿ ಆಡಿದಂತಾಯಿತು, ಆಮೇಲೆ ಮಣಿಕಟ್ಟಿನಲ್ಲಿ, ಆಮೇಲೆ ಇಡೀ ಅಂಗೈ ಹಂಚಿನ ಮೇಲೆ ಇಟ್ಟಂತೆ ಕಾಯ್ದು ಬಂತು. ಕಣ್ಣಲ್ಲಿ ನೀರು ಬಂತು. ಎದೆಯಲ್ಲಿ ಎರಡು ತಾಸಿನಿಂದ ಕೂತಿದ್ದ ಕಲ್ಲು ಸರಿಯಿತು. ಎರಡೂ ಒಟ್ಟಿಗೇ ಆದವು.

"ಈಗ ಬಿಡ್ರಿ," ಎಂದ ಅವನು. "ತಿಳೀತಲ್ಲ."

ಅವನನ್ನೂ ಕರೆದುಕೊಂಡು ಮನೆಗೆ ಬಂದೆ. ಅತ್ತೆ ಎದ್ದು ಕೂತು ಒಡತಿಯ ಜೊತೆ ಚಹಾ ಕುಡಿಯುತ್ತಿದ್ದರು. ಹತ್ತು ನಿಮಿಷಕ್ಕೊಮ್ಮೆ ಮಾತಾಡಿಸಿ ಎಂದು ನಾನು ಹೇಳಿದ್ದನ್ನು ಒಡತಿ ಚಾಚೂ ತಪ್ಪದೆ ಪಾಲಿಸಿದ್ದರಿಂದ ಅತ್ತೆಗೆ ನಿದ್ದೆಯೇ ಆಗಿರಲಿಲ್ಲ, ಆ ಸಿಟ್ಟು ಮುಖದಲ್ಲಿತ್ತು. ಹಸಿ ದಂಟು ನೋಡಿದ ಒಡತಿ ಒಂದು ಹೆಜ್ಜೆ ಹಿಂದೆ ಸರಿದು, "ಹೀಚ್ ತೀ, ಖಾಜಕೊಲ್ತಿ," ಎಂದರು, ಇದೇ ಅದು ಎಂದು. ಬೆಂದ ಮೇಲೆ ಯಾವ ಎಲೆಗೆ ಅಂಚು ಉಳಿಯುತ್ತದೆ, ತಮಗೆ ಹೇಗೆ ಗೊತ್ತಾಗಬೇಕು ಎಂದು ನನ್ನ ಮೇಲೇ ತಪ್ಪು ಹೊರಿಸಿದರು. ಅತ್ತೆ ಗಿಡದ ಕಡೆ ನೋಡಲೇ ಇಲ್ಲ. ನನ್ನ ಅಂಗೈ ಹಿಡಿದು ಬೆಳಕಿಗೆ ತಿರುಗಿಸಿ ದದ್ದುಗಳನ್ನು ನೋಡಿದರು.

"ತುರಚೀನ," ಎಂದರು. ಒಪ್ಪಿಗೆಯ ಮುದ್ರೆ ಒತ್ತಿದ ಹಾಗೆ. ಆಗ ಅವರ ಭುಜವೂ ಸ್ವಲ್ಪ ಕೆಳಗಿಳಿದದ್ದನ್ನು ನಾನು ಕಂಡೆ. ಹೆದರುವವರಲ್ಲ ಎಂದುಕೊಂಡಿದ್ದೆ. ತೋರಿಸುವವರಲ್ಲ, ಅಷ್ಟೇ.

ದಂಟಿನ ಫೋಟೋವನ್ನು ದವಾಖಾನೆಗೆ ಕಳಿಸಿದೆ. ಸಂಜೆಯವರೆಗೆ ಗಮನವಿಡಿ, ಏನೂ ಆಗುವುದಿಲ್ಲ ಎಂದು ಡಾಕ್ಟರ ಉತ್ತರ ಬಂತು. ಅದರ ಕೆಳಗೆ ಎರಡು ಕೈ ಜೋಡಿಸಿದ ಚಿತ್ರ. ನಮಸ್ಕಾರವೋ, ಇನ್ನು ಸಾಕು ಎಂಬ ಬೇಡಿಕೆಯೋ ತಿಳಿಯಲಿಲ್ಲ.

ಅತ್ತೆ ಕೊಬ್ಬರಿ ಎಣ್ಣೆಯ ಡಬ್ಬಿ ತಂದು ಮೊದಲು ಆ ಹುಲ್ಲು ಕತ್ತರಿಸುವವನ ತೋಳಿಗೆ ಹಚ್ಚಲು ಕೊಟ್ಟರು. "ತಿಕ್ಕಬ್ಯಾಡ್ರಿ, ಸುಮ್ಕ ಸವರ್ರಿ. ತಿಕ್ಕಿದ್ರ ಕೂದಲಾ ಒಳಗ ಹೋಗ್ತಾವ." ಆಮೇಲೆ ನನ್ನ ಸರದಿ. ಮೊಣಕಾಲು ಹೇಗಿದೆ ಎಂದು ಕೇಳಿದೆ.

"ಹಂಗ ಐತಿ."

"ಒಂದ ಚೂರೂ ಕಡಿಮಿ ಆಗಿಲ್ಲೇನು?"

"ಒಂದ ದಿನಕ್ಕ ಆಗ್ತೈತೇನ್ರಿ? ಗುಣ ಆಗಾಕ ಬಿಡ್ಬೇಕಲ್ಲ ನೀವು. ನಿದ್ದಿ ಮಾಡಗೊಡಲಿಲ್ಲ." ಎಣ್ಣೆಯ ಡಬ್ಬಿ ಮುಚ್ಚಿ, ಬಾಗಿಲ ಚೌಕಟ್ಟು ಹಿಡಿದು ಎದ್ದು, ಒಳಗಿನಿಂದ ಮೂರು ತಟ್ಟೆ ತಂದರು. ಅತಿಥಿ ಬೇಡವೆಂದ. ಅತ್ತೆ ಅದನ್ನು ಕೇಳಿಸಿಕೊಳ್ಳಲಿಲ್ಲ. "ನಿಮ್ಮ ಕೈ ಸುಟ್ಟದ್ದಕ್ಕ ನಮ್ಮ ಜೀವ ತಣ್ಣಗಾತು. ಉಣ್ಣದ ಕಳಿಸಿದ್ರ ಹ್ಯಾಂಗ?"

ಹೊತ್ತು ಮೂರು ದಾಟಿತ್ತು. ಹೊರಗೆ ಮಳೆ ಮತ್ತೆ ಹಿಡಿದುಕೊಂಡಿತು. ಅನ್ನ ಬಿಸಿ ಮಾಡಿದ್ದರು, ಸಾರು ಅದಕ್ಕಿಂತ ಬಿಸಿ. ಉರಿಯುವ ಅಂಗೈಯಿಂದ ಮೊದಲ ತುತ್ತು ಕಲಸಿದಾಗ ಜೀವ ಹೋದಂತಾಯಿತು. ಎದುರಿಗೆ ಅವನೂ ಹಾಗೆಯೇ, ಹಲ್ಲು ಕಚ್ಚಿ, ಬೆರಳ ತುದಿಯಲ್ಲಿ ಕಲಸುತ್ತಿದ್ದ. ಅತ್ತೆ ಇಬ್ಬರನ್ನೂ ನೋಡಿ ಎರಡು ಚಮಚ ತಂದಿಟ್ಟರು. ಇಬ್ಬರೂ ಮುಟ್ಟಲಿಲ್ಲ. ಅವನದು ಏನು ಕಾರಣವೋ ಗೊತ್ತಿಲ್ಲ. ನಾನು ಮಾತ್ರ ಪ್ರತಿ ತುತ್ತಿಗೂ ಅಂಗೈ ಚುರ್ ಎನ್ನುವುದನ್ನು ಮನಸಾರೆ ಅನುಭವಿಸುತ್ತಿದ್ದೆ. ಅತ್ತೆ ಕೇಳದೆಯೇ ಇನ್ನೊಂದು ಸೌಟು ಅನ್ನ ಹಾಕಿದರು. ಅದನ್ನೂ ಉಂಡೆ.